ನಿಂತ ಕೋಟೆಯೋ, ಪಾಳುಕೋಟೆಯೋ: ಜರ್ಮನಿಯ ಹಳ್ಳಿಗಾಡಿನಲ್ಲಿ ಯಾವುದನ್ನು ನೋಡಬೇಕು

ಜರ್ಮನಿಯ ಹೆದ್ದಾರಿಗಳ ಬದಿಯಲ್ಲಿ ಕಂದು ಬಣ್ಣದ ದೊಡ್ಡ ಫಲಕಗಳು ಆಗಾಗ ಎದುರಾಗುತ್ತವೆ. ಹತ್ತಿರದ ನೋಡತಕ್ಕ ಸ್ಥಳದ ಒಂದು ರೇಖಾಚಿತ್ರ, ಅದರ ಹೆಸರು, ಅಷ್ಟೇ ಅವುಗಳಲ್ಲಿರುತ್ತದೆ. ಆ ಹೆಸರಿನ ಜೊತೆಗಿರುವ ಪದ ಬುರ್ಗ್ ಎಂದೋ, ಶ್ಲಾಸ್ ಎಂದೋ, ಬುರ್ಗ್‌ರುಯೀನೆ ಎಂದೋ ಗಮನಿಸಿದವರಿಗೆ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಸಿಕ್ಕಿರುತ್ತದೆ. ಬುರ್ಗ್ ಎಂದರೆ ಮಧ್ಯಯುಗದಲ್ಲಿ ವಾಸಕ್ಕೂ ರಕ್ಷಣೆಗೂ ಒಟ್ಟಿಗೆ ಕಟ್ಟಿಕೊಂಡ ಕಲ್ಲಿನ ಮನೆ. ಶ್ಲಾಸ್ ಎಂದರೆ ಫಿರಂಗಿಗಳ ಮುಂದೆ ಗೋಡೆಗಳು ನಿಲ್ಲವೆಂದು ತಿಳಿದ ಮೇಲೆ ವೈಭವಕ್ಕಾಗಿ ಕಟ್ಟಿದ ಅರಮನೆ. ಬುರ್ಗ್‌ರುಯೀನೆ ಎಂದರೆ ಪಾಳುಬಿದ್ದ ಬುರ್ಗ್. ಈ ಪದಗಳು ಕೆಲವೊಮ್ಮೆ ಮೋಸವನ್ನೂ ಮಾಡುತ್ತವೆ. ಬುರ್ಗ್ ಎಂಬ ಹೆಸರು ಹೊತ್ತ ಹೋಹೆನ್‌ತ್ಸೊಲರ್ನ್ ಇಂದು ನಿಂತಿರುವ ರೂಪದಲ್ಲಿ 19ನೇ ಶತಮಾನದ್ದು; ಆದರೂ ದೂರದಿಂದ ಕಂಡವರು ಅದನ್ನು ಎಂಟುನೂರು ವರ್ಷ ಹಳೆಯದೆಂದೇ ನಂಬುತ್ತಾರೆ.

ಕನ್ನಡದಲ್ಲಿ ಇವೆಲ್ಲಕ್ಕೂ ಕೋಟೆ ಎಂಬ ಒಂದೇ ಪದ ಬಳಸುವುದರಿಂದ ಇನ್ನೊಂದು ತೊಡಕಿದೆ. ಕೋಟೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಚಿತ್ರದುರ್ಗದ ಏಳು ಸುತ್ತು, ಒಳಗೊಂದು ಊರು, ಕೆರೆ, ಗುಡಿಗಳು. ಜರ್ಮನಿಯ ಹಳ್ಳಿಗಾಡಿನ ಬುರ್ಗ್ ಹೆಚ್ಚಿನ ಪಕ್ಷ ಒಂದು ಕುಟುಂಬದ ಗುಡ್ಡದ ಮೇಲಿನ ಮನೆ. ಅಂಗಳ ನಮ್ಮ ದೊಡ್ಡ ತೊಟ್ಟಿಮನೆಯ ಅಂಗಳಕ್ಕಿಂತ ಬಹಳ ದೊಡ್ಡದೇನೂ ಇರುವುದಿಲ್ಲ. ಗಾತ್ರ ನೋಡಿ ಬೆರಗಾಗಬೇಕೆಂದು ಹೋದವರು ನಿರಾಶರಾಗುತ್ತಾರೆ. ಅಷ್ಟು ಕಡಿದಾದ ಜಾಗದಲ್ಲಿ, ಅಷ್ಟು ಚಳಿಯಲ್ಲಿ ಜನ ಹೇಗೆ ಬದುಕಿದರೆಂದು ನೋಡಲು ಹೋದವರಿಗೆ ಒಂದು ದಿನ ಸಾಲುವುದಿಲ್ಲ.

ಮೊದಲು ತೀರ್ಮಾನಿಸಬೇಕಾದ್ದು: ಮೂರು ಬಗೆ

ಪ್ರವಾಸಿಯ ದೃಷ್ಟಿಯಿಂದ ಈ ಕಟ್ಟಡಗಳಲ್ಲಿ ಮೂರು ಬಗೆ: ಎಂದೂ ನಾಶವಾಗದೆ ಉಳಿದದ್ದು, ನಾಶವಾಗಿ ಮತ್ತೆ ಕಟ್ಟಿದ್ದು, ನಾಶವಾಗಿ ಹಾಗೆಯೇ ಬಿಟ್ಟದ್ದು. ಯಾವ ಊರಿಗೆ ಹೋಗುವುದೆಂದು ಯೋಚಿಸುವ ಮೊದಲು ಈ ಮೂರರಲ್ಲಿ ಯಾವುದು ಬೇಕೆಂದು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಖರ್ಚು, ಸಮಯ, ಪಾದರಕ್ಷೆ, ಮಕ್ಕಳಿಗೆ ಬೇಸರವಾಗುತ್ತದೆಯೋ ಇಲ್ಲವೋ ಎಂಬುದೆಲ್ಲ ಅದನ್ನೇ ಅವಲಂಬಿಸಿದೆ.

ನಾಶವಾಗದೆ ಉಳಿದವು ಬಹಳ ಕಡಿಮೆ. 1525ರ ರೈತರ ದಂಗೆ, 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧ, 1689ರ ಸುಮಾರಿಗೆ ರೈನ್ ಮತ್ತು ಮೋಜೆಲ್ ತೀರಗಳಲ್ಲಿ ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಸೇನೆ ಒಂದೊಂದಾಗಿ ಸಿಡಿಸುತ್ತ ಹೋದ ಕೋಟೆಗಳು, ಇಷ್ಟರ ನಂತರ ಸುತ್ತಲಿನ ಹಳ್ಳಿಗರು ತಮ್ಮ ದನದ ಕೊಟ್ಟಿಗೆಗಳಿಗೆ ಹೊತ್ತೊಯ್ದ ಕಲ್ಲು; ಇವೆಲ್ಲವನ್ನೂ ದಾಟಿ ಉಳಿದ ಕಟ್ಟಡವನ್ನು ನೋಡುವುದೆಂದರೆ ಹೆಚ್ಚಿನ ಕಡೆ ಮಾರ್ಗದರ್ಶಕರ ಹಿಂದೆ ಗುಂಪಿನಲ್ಲಿ ಹೋಗುವುದು. ಸುಮಾರು ಮುಕ್ಕಾಲು ಗಂಟೆಯಲ್ಲಿ ಅಡುಗೆಮನೆ, ಭೋಜನಶಾಲೆ, ಆಯುಧಗಳ ಕೋಣೆ ಎಲ್ಲವನ್ನೂ ತೋರಿಸಿ ಹೊರಗೆ ಬಿಡುತ್ತಾರೆ. ಹಿಂದಿನ ಕೋಣೆಗೆ ಮರಳಿ ಹೋಗುವಂತಿಲ್ಲ.

ಮತ್ತೆ ಕಟ್ಟಿದವುಗಳಲ್ಲಿ ಕಾಣುವುದು ಮಧ್ಯಯುಗವಲ್ಲ; 19ನೇ ಶತಮಾನದ ಜರ್ಮನರು ಮಧ್ಯಯುಗದ ಬಗ್ಗೆ ಕಂಡ ಕನಸು. ಇದನ್ನು ತಿಳಿದುಕೊಂಡು ಹೋದರೆ ಅವುಗಳಿಗೂ ಬೆಲೆಯಿದೆ. 1815ರಲ್ಲಿ ರೈನ್ ಪ್ರಾಂತ್ಯ ಪ್ರಷ್ಯ ಎಂಬ ಅಂದಿನ ಜರ್ಮನ್ ರಾಜ್ಯದ ಕೈಗೆ ಬಂದ ಮೇಲೆ ಅಲ್ಲಿನ ರಾಜಕುಮಾರರು ಪಾಳುಗೋಡೆಗಳನ್ನು ಪಡೆದು ರೈನ್‌ಶ್ಟೈನ್, ಶ್ಟೋಲ್ತ್ಸೆನ್‌ಫೆಲ್ಸ್, ಸೋನೆಕ್ ಮುಂತಾದವನ್ನು ಎಬ್ಬಿಸಿದರು. ಮೋಜೆಲ್ ತೀರದ ಕೊಖೆಮ್ ಕೋಟೆಯನ್ನು 1689ರಲ್ಲಿ ಫ್ರೆಂಚರು ಸಿಡಿಸಿದ್ದರು. ಬರ್ಲಿನ್ನಿನ ಒಬ್ಬ ವ್ಯಾಪಾರಿ 1868ರಲ್ಲಿ ಕೊಂಡು ತನ್ನ ಬೇಸಿಗೆಯ ಬಿಡಾರವಾಗಿ ಕಟ್ಟಿಸಿದ. ಚಿತ್ರಕ್ಕೆ ಚೆಂದ, ಒಳಗಿನ ಪೀಠೋಪಕರಣಗಳೂ ಚೆಂದ, ಆದರೆ ಗೋಡೆಗಳು ಹೇಳುವ ಕಥೆ ಬೇರೆ.

ಪಾಳುಕೋಟೆಗಳಲ್ಲಿ ಮಾರ್ಗದರ್ಶಕರಿಲ್ಲ, ಗಡಿಯಾರದ ಒತ್ತಡವೂ ಇಲ್ಲ. ಎಷ್ಟೋ ಕಡೆ ಟಿಕೆಟ್ಟೂ ಇಲ್ಲ. ಇದ್ದರೂ ಕೆಲವೇ ಯೂರೋ. ಗುಂಪಿನಲ್ಲಿ ಒಳಗೆ ಕರೆದೊಯ್ಯುವ ಪ್ರಸಿದ್ಧ ಕೋಟೆಗಳಲ್ಲಿ ಒಬ್ಬರಿಗೆ 10ರಿಂದ 20 ಯೂರೋ ಆಸುಪಾಸು ತೆರಬೇಕಾಗುತ್ತದೆ ಎಂಬುದನ್ನು ನಾಲ್ವರ ಕುಟುಂಬ ಲೆಕ್ಕ ಹಾಕಿ ನೋಡಬೇಕು. ಆದರೆ ಪಾಳುಕೋಟೆ ತಾನಾಗಿ ಏನನ್ನೂ ಹೇಳುವುದಿಲ್ಲ. ಓದಲು ಬರದಿದ್ದರೆ ಅದು ಹತ್ತು ನಿಮಿಷದ ಕಲ್ಲುರಾಶಿ.

ಗೋಡೆ ಓದುವುದು

ಓದುವುದು ಕಷ್ಟವೇನಲ್ಲ, ನಾಲ್ಕೈದು ಗುರುತುಗಳು ತಿಳಿದಿದ್ದರೆ ಸಾಕು. ಎಲ್ಲಕ್ಕಿಂತ ಎತ್ತರದ, ಕಿಟಕಿಗಳೇ ಇಲ್ಲದಂಥ ಗೋಪುರಕ್ಕೆ ಬೆರ್ಗ್‌ಫ್ರೀಟ್ ಎನ್ನುತ್ತಾರೆ. ಅದರ ಹಳೆಯ ಬಾಗಿಲನ್ನು ನೆಲದ ಮಟ್ಟದಲ್ಲಿ ಹುಡುಕಬಾರದು, ಹಲವು ಮೀಟರ್ ಮೇಲೆ ಹುಡುಕಬೇಕು. ಅಲ್ಲಿಗೆ ಮರದ ಏಣಿಯೋ ಸೇತುವೆಯೋ ಇರುತ್ತಿತ್ತು, ಅಪಾಯದ ಹೊತ್ತಿನಲ್ಲಿ ಅದನ್ನು ಎಳೆದುಕೊಳ್ಳಬಹುದಾಗಿತ್ತು. ಈಗ ಕೆಳಗೆ ಬಾಗಿಲಿದ್ದರೆ ಅದು ಬಹುಮಟ್ಟಿಗೆ ನಂತರ ಒಡೆದದ್ದು. ಗೋಡೆಯ ಒಳಮೈಯಲ್ಲಿ ಒಂದೇ ಮಟ್ಟದಲ್ಲಿ ಸಾಲಾಗಿ ಚೌಕನೆಯ ಗೂಡುಗಳಿದ್ದರೆ ಅಲ್ಲಿ ತೊಲೆಗಳು ಕೂತಿದ್ದವು, ಅಂದರೆ ಅಲ್ಲೊಂದು ಅಂತಸ್ತು ಇತ್ತು. ಆ ಸಾಲಿನ ಸ್ವಲ್ಪ ಮೇಲೆ ಒಲೆಯ ಬಾಯಿಯೊಂದು ಆಕಾಶದಲ್ಲಿ ತೂಗುತ್ತಿರುವಂತೆ ಕಂಡರೆ ಅದು ಆ ಅಂತಸ್ತಿನ ಬೆಚ್ಚನೆಯ ಕೋಣೆ. ಕಿಟಕಿಯ ಗೂಡಿನ ಎರಡೂ ಬದಿ ಎದುರುಬದುರಾಗಿ ಕಲ್ಲಿನ ಜಗಲಿಗಳಿದ್ದರೆ ಅದು ಮನೆಯವರು ಹಗಲ ಬೆಳಕಿಗಾಗಿ ಕುಳಿತ ಜಾಗ. ಆ ಭಾಗವೇ ಪಲಾಸ್, ಅಂದರೆ ಒಡೆಯನ ವಾಸದ ಮನೆ. ಹೊರಗೋಡೆಯಿಂದ ಸಣ್ಣ ಪೆಟ್ಟಿಗೆಯಂತೆ ಚಾಚಿಕೊಂಡು ಕೆಳಗೆ ತೆರೆದಿರುವುದು ಶೌಚದ ಗೂಡು. ಮಕ್ಕಳಿಗೆ ಇದನ್ನು ತೋರಿಸಿದರೆ ಮುಂದಿನ ಪ್ರತಿ ಕೋಟೆಯಲ್ಲಿಯೂ ಮೊದಲು ಅದನ್ನೇ ಹುಡುಕುತ್ತಾರೆ.

ಕಲ್ಲನ್ನು ಹತ್ತಿರದಿಂದ ನೋಡಿದರೆ ಕಾಲವೂ ತಿಳಿಯುತ್ತದೆ. ಅಂಚನ್ನಷ್ಟೇ ನಯಗೊಳಿಸಿ ನಡುಭಾಗವನ್ನು ಒರಟಾಗಿ ಉಬ್ಬಿದಂತೆಯೇ ಬಿಟ್ಟ ಕಲ್ಲುಗಳು 12 ಮತ್ತು 13ನೇ ಶತಮಾನದ ಹೋಹೆನ್‌ಶ್ಟೌಫೆನ್ ಚಕ್ರವರ್ತಿಗಳ ಕಾಲದ ಕಟ್ಟಡಗಳಲ್ಲಿ ಹೆಚ್ಚು. ಆ ಉಬ್ಬಿನ ನಡುವೆ ಹೆಬ್ಬೆರಳು ಹೋಗುವಷ್ಟು ಗುಳಿಯಿದ್ದರೆ ಅದು ಕಲ್ಲೆತ್ತುವ ಇಕ್ಕುಳ ಕಚ್ಚಿದ ಜಾಗ. ಅಂಥ ಗುಳಿಗಳು ಸಾಮಾನ್ಯವಾದದ್ದು 13ನೇ ಶತಮಾನದಿಂದೀಚೆಗೆ. ಒಂದೇ ಗೋಡೆಯಲ್ಲಿ ಕೆಳಗೆ ಗುಳಿಯಿಲ್ಲದ ಕಲ್ಲು, ಮೇಲೆ ಗುಳಿಯಿರುವ ಕಲ್ಲು ಕಂಡರೆ ಎರಡು ತಲೆಮಾರುಗಳ ಕೆಲಸ ಕಣ್ಣೆದುರಿಗಿದೆ ಎಂದು ಊಹಿಸಬಹುದು. ಸುರುಳಿ ಮೆಟ್ಟಿಲುಗಳನ್ನು ಬಲಕ್ಕೆ ತಿರುಗುವಂತೆ ಕಟ್ಟಿದ್ದು ಮೇಲಿರುವವನ ಕತ್ತಿ ಬೀಸಲು ಅನುಕೂಲವಾಗಲೆಂದು ಎಂಬ ಮಾತನ್ನು ಬಹುಪಾಲು ಮಾರ್ಗದರ್ಶಕರು ಹೇಳುತ್ತಾರೆ. ಇತಿಹಾಸಕಾರರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಕುದಿಯುವ ಎಣ್ಣೆ ಸುರಿಯುವ ಕಥೆಗೂ ಇದೇ ಗತಿ. ಎಣ್ಣೆ ಅಷ್ಟು ಅಗ್ಗದ ವಸ್ತುವಾಗಿರಲಿಲ್ಲ.

ರೈನ್ ಕಣಿವೆ: ಮೊದಲ ಸಲಕ್ಕೆ

ಬಿಂಗೆನ್‌ನಿಂದ ಕೊಬ್ಲೆಂತ್ಸ್‌ವರೆಗಿನ ಸುಮಾರು 65 ಕಿಲೋಮೀಟರ್ ಕಣಿವೆ 2002ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಇಷ್ಟು ಕಡಿಮೆ ದೂರದಲ್ಲಿ ಮೂರೂ ಬಗೆಯ ಕೋಟೆಗಳನ್ನು ನೋಡಲು ಇದಕ್ಕಿಂತ ಸುಲಭದ ಜಾಗವಿಲ್ಲ. ನದಿಯ ಎರಡೂ ದಂಡೆಗಳಲ್ಲಿ ರೈಲು ಹಳಿಗಳಿವೆ, ಫ್ರಾಂಕ್‌ಫರ್ಟ್‌ನಿಂದ ಸಾಂಕ್ಟ್ ಗೋಆರ್‌ಗೆ ಸುಮಾರು ಒಂದೂವರೆ ಗಂಟೆ. ಆದರೆ ಮೈಂತ್ಸ್ ಮತ್ತು ಕೊಬ್ಲೆಂತ್ಸ್‌ಗಳ ನಡುವೆ ನದಿಗೆ ಒಂದೂ ಸೇತುವೆಯಿಲ್ಲ ಎಂಬುದನ್ನು ನಕ್ಷೆ ನೋಡುವಾಗ ಮರೆಯಬಾರದು. ಎದುರು ದಂಡೆಯ ಕೋಟೆ ಕಲ್ಲೆಸೆತದ ದೂರದಲ್ಲಿ ಕಂಡರೂ ದೋಣಿ ಹಿಡಿಯಬೇಕು, ಸಂಜೆಯಾದ ಮೇಲೆ ದೋಣಿಗಳೂ ನಿಲ್ಲುತ್ತವೆ. ಹಳಿ ದುರಸ್ತಿಗಾಗಿ ಒಂದು ದಂಡೆಯ ಮಾರ್ಗವನ್ನು ಬಹುಕಾಲ ಮುಚ್ಚುವುದೂ ಉಂಟಾದ್ದರಿಂದ ರೈಲಿನ ವೇಳೆಯನ್ನು ಹೊರಡುವ ವಾರದಲ್ಲೇ ನೋಡಿಕೊಳ್ಳಬೇಕು.

ಇಲ್ಲಿ ನಿಜವಾದ ಆಯ್ಕೆ ಬ್ರೌಬಾಖ್ ಊರಿನ ಮೇಲಿರುವ ಮಾರ್ಕ್ಸ್‌ಬುರ್ಗ್ ಮತ್ತು ಸಾಂಕ್ಟ್ ಗೋಆರ್‌ನ ರೈನ್‌ಫೆಲ್ಸ್ ನಡುವೆ. ಮಾರ್ಕ್ಸ್‌ಬುರ್ಗ್ ಈ ಕಣಿವೆಯ ಗುಡ್ಡದ ಕೋಟೆಗಳಲ್ಲಿ ಎಂದೂ ನಾಶವಾಗದ ಒಂದೇ ಒಂದು. 1900ರಿಂದ ಅದು ಜರ್ಮನ್ ಕೋಟೆಗಳ ಸಂಘದ ಒಡೆತನದಲ್ಲಿದೆ. ಒಳಬಾಗಿಲು ದಾಟಿದ ಕೂಡಲೇ ಬಂಡೆಯನ್ನೇ ಕಡಿದು ಮಾಡಿದ ಅಗಲವಾದ, ತಗ್ಗಾದ ಮೆಟ್ಟಿಲುಗಳು ಸಿಗುತ್ತವೆ. ಕುದುರೆ ಹತ್ತಲೆಂದು ಹಾಗೆ ಮಾಡಿದ್ದು. ಮಳೆ ಬಂದಾಗ ಆ ಕಲ್ಲಿನ ಮೇಲೆ ಕೈಹಿಡಿ ಬಿಟ್ಟು ನಡೆಯುವ ಧೈರ್ಯ ಬೇಡ. ರೈನ್‌ಫೆಲ್ಸ್‌ನ ಕಥೆ ತದ್ವಿರುದ್ಧ. ಕಾತ್ಸೆನೆಲ್ನ್‌ಬೋಗೆನ್ ಎಂಬ ಮನೆತನದ ಕೌಂಟ್ 1245ರಲ್ಲಿ ಕಟ್ಟಲು ಆರಂಭಿಸಿದ. 1692ರಲ್ಲಿ ಹದಿನಾಲ್ಕನೇ ಲೂಯಿಯ ಸೇನೆ ಎಷ್ಟು ಬಡಿದಾಡಿದರೂ ಅದನ್ನು ಹಿಡಿಯಲಾಗಲಿಲ್ಲ. 1794ರಲ್ಲಿ ಕ್ರಾಂತಿಯ ಫ್ರೆಂಚ್ ಸೇನೆಗೆ ಒಂದು ಗುಂಡೂ ಹಾರಿಸದೆ ಒಪ್ಪಿಸಿಬಿಟ್ಟರು, ಅವರು ಅದನ್ನು ಸಿಡಿಸಿದರು. ಶತ್ರುವಿನ ಕಾಲ ಕೆಳಗೇ ಮದ್ದು ಹೂತು ಸಿಡಿಸಲೆಂದು ತೋಡಿದ ಸುರಂಗಗಳು ಇಲ್ಲಿನ ವಿಶೇಷ. ತಲೆ ಬಗ್ಗಿಸಿ, ಕೆಲವೆಡೆ ಸೊಂಟ ಬಗ್ಗಿಸಿ, ಕೈಯಲ್ಲಿ ಟಾರ್ಚ್ ಹಿಡಿದು ಹೋಗಬೇಕಾದ ಜಾಗ ಅದು. ಪಾಳುಗೋಡೆಗಳ ದುರಸ್ತಿ ನಡೆಯುವಾಗ ಸುರಂಗಗಳನ್ನೂ ಇತರ ಭಾಗಗಳನ್ನೂ ಮುಚ್ಚುವುದರಿಂದ, ಅವನ್ನೇ ನೆಚ್ಚಿಕೊಂಡು ಹೋಗುವವರು ತೆರೆದಿದೆಯೇ ಎಂದು ಮೊದಲು ತಿಳಿದುಕೊಳ್ಳಬೇಕು.

ಒಂದೇ ದಿನವಿದ್ದರೆ ನನ್ನ ಮತ ಮಾರ್ಕ್ಸ್‌ಬುರ್ಗ್‌ಗೆ. ಪಾಳುಕೋಟೆಗಳ ಪಕ್ಷಪಾತಿಯಾದ ನಾನು ಹೀಗೆ ಹೇಳಲು ಕಾರಣವಿದೆ: ಇಡಿಯಾಗಿ ಉಳಿದ ಒಂದನ್ನು ಮೊದಲು ನೋಡಿದವರಿಗೆ ಮಾತ್ರ ಮುರಿದದ್ದರಲ್ಲಿ ಏನು ಇಲ್ಲವೆಂದು ತಿಳಿಯುತ್ತದೆ.

ಕೋಟೆಯಲ್ಲದ ಒಂದು ಕಟ್ಟಡವನ್ನೂ ಇಲ್ಲಿ ಹೇಳಬೇಕು. ಬಾಖರಾಖ್ ಊರಿನ ಮೇಲೆ, ಶ್ಟಾಲೆಕ್ ಕೋಟೆಗೆ ಹತ್ತುವ ದಾರಿಯಲ್ಲಿ, ಚಾವಣಿಯಿಲ್ಲದೆ ನಿಂತ ಕೆಂಪು ಮರಳುಗಲ್ಲಿನ ವೆರ್ನರ್ ಚಾಪೆಲ್ ಇದೆ. ಕಿಟಕಿಗಳ ಕಲ್ಲಿನ ಚೌಕಟ್ಟುಗಳ ನಡುವೆ ಆಕಾಶ ಕಾಣುತ್ತದೆ. 1689ರಲ್ಲಿ ಮೇಲಿನ ಕೋಟೆಯನ್ನು ಸಿಡಿಸಿದಾಗ ಬಿದ್ದ ಕಲ್ಲುಗಳು ಇದನ್ನು ಕೆಡಿಸಿದವು. ಆದರೆ ಇದನ್ನು ಕಟ್ಟಿದ್ದು 1287ರಲ್ಲಿ ಸತ್ತ ವೆರ್ನರ್ ಎಂಬ ಹುಡುಗನ ಹೆಸರಿನಲ್ಲಿ. ಆ ಸಾವಿನ ಆರೋಪವನ್ನು ಸುಳ್ಳಾಗಿ ಯೆಹೂದಿಗಳ ಮೇಲೆ ಹೊರಿಸಿ ಈ ಕಣಿವೆಯಲ್ಲಿ ಅವರನ್ನು ಕೊಂದರು. ಕಟ್ಟಡದ ಬಳಿಯ ಫಲಕವನ್ನು ಓದದೆ ಚಿತ್ರ ತೆಗೆದುಕೊಂಡು ಇಳಿಯುವವರೇ ಹೆಚ್ಚು. ಮೇಲಿನ ಶ್ಟಾಲೆಕ್‌ ಅನ್ನು 20ನೇ ಶತಮಾನದಲ್ಲಿ ಮತ್ತೆ ಕಟ್ಟಿ ಯುವಜನರ ವಸತಿಗೃಹ ಮಾಡಿದ್ದಾರೆ. ಕೋಟೆಯಲ್ಲಿ ಒಂದು ರಾತ್ರಿ ಮಲಗಬೇಕೆಂಬ ಆಸೆಯಿರುವ ಮಕ್ಕಳಿಗೆ ಹೋಟೆಲಿನ ಖರ್ಚಿಲ್ಲದೆ ಅದು ಈಡೇರುವ ಜಾಗ.

ಮೋಜೆಲ್ ಮತ್ತು ಎಲ್ಟ್ಸ್

ರೈನ್‌ಗೆ ಕೊಬ್ಲೆಂತ್ಸ್‌ನಲ್ಲಿ ಸೇರುವ ಮೋಜೆಲ್ ನದಿಯ ಬದಿಯ ಸಣ್ಣ ಕಣಿವೆಯೊಂದರಲ್ಲಿ ಬುರ್ಗ್ ಎಲ್ಟ್ಸ್ ಇದೆ. ಎಂಟುನೂರಕ್ಕೂ ಹೆಚ್ಚು ವರ್ಷಗಳಿಂದ ಅದೇ ಮನೆತನದ ಒಡೆತನದಲ್ಲಿರುವ, ಯುದ್ಧದಲ್ಲಿ ನಾಶವಾಗದ ಕೋಟೆ. ಹಳೆಯ 500 ಮಾರ್ಕಿನ ನೋಟಿನ ಮೇಲೆ ಇದರ ಚಿತ್ರವಿತ್ತು. ಒಂದೇ ಮನೆತನದ ಮೂರು ಕವಲುಗಳು ಒಂದೇ ಅಂಗಳದ ಸುತ್ತ ಬೇರೆ ಬೇರೆ ಮನೆಗಳನ್ನು ಎತ್ತರೆತ್ತರಕ್ಕೆ ಕಟ್ಟಿಕೊಂಡು ಬಂದದ್ದರಿಂದ ಅದಕ್ಕೆ ಆ ವಿಚಿತ್ರ ಆಕಾರ ಬಂದಿದೆ. ಪಾಲಾದರೂ ಒಡೆಯದ ಮನೆ ಎಂದು ನಮ್ಮ ಊರುಗಳಲ್ಲಿ ಹೇಳುತ್ತಾರಲ್ಲ, ಅದು ಕಲ್ಲಿನಲ್ಲಿ ಹೇಗಿರುತ್ತದೆಂದು ನೋಡಬೇಕಾದರೆ ಇಲ್ಲಿಗೆ ಹೋಗಬೇಕು.

ಕಾರಿನಲ್ಲಿ ಹೋದರೆ ನಿಲುಗಡೆಯಿಂದ ಸಣ್ಣ ಬಸ್ಸು ಕೆಳಗೆ ಬಿಡುತ್ತದೆ. ರೈಲಿನಲ್ಲಿ ಮೋಜೆಲ್‌ಕೆರ್ನ್‌ಗೆ ಬಂದು ತೊರೆಯ ಬದಿಯ ಕಾಡುದಾರಿಯಲ್ಲಿ ಒಂದು ಗಂಟೆಗೆ ಮೀರಿ ನಡೆದು ಬರುವುದು ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ. ತಿರುವಿನಲ್ಲಿ ಮರಗಳ ನಡುವಿನಿಂದ ಕೋಟೆ ಥಟ್ಟನೆ ಎದುರಾಗುವುದು ಬಸ್ಸಿನಲ್ಲಿ ಬಂದವರಿಗೆ ಸಿಗುವುದಿಲ್ಲ. ಒಳಗೆ ಚಿತ್ರ ತೆಗೆಯಲು ಬಿಡುವುದಿಲ್ಲ, ಚಳಿಗಾಲದಲ್ಲಿ ಕೋಟೆ ಮುಚ್ಚಿರುತ್ತದೆ, ಬೇಸಿಗೆಯ ಮಧ್ಯಾಹ್ನ ಸರತಿ ಉದ್ದ. ಬಂದವರಲ್ಲಿ ಹೆಚ್ಚಿನವರು ನೋಡದೆ ಹೋಗುವುದು ಎದುರಿನ ಇಳಿಜಾರಿನಲ್ಲಿ ಪೊದೆಗಳ ನಡುವೆ ಇರುವ ಟ್ರುಟ್ಸ್‌ಎಲ್ಟ್ಸ್ ಎಂಬ ಪಾಳುಗೋಡೆಯನ್ನು. ಟ್ರಿಯರ್‌ನ ಆರ್ಚ್‌ಬಿಷಪ್ ಬಾಲ್ಡುಯಿನ್ ಎಲ್ಟ್ಸ್ ಮನೆತನವನ್ನು ಬಗ್ಗಿಸಲು 1330ರ ದಶಕದಲ್ಲಿ ಅದನ್ನು ಕಟ್ಟಿಸಿ ಅಲ್ಲಿಂದ ಕೆಳಗಿನ ಕೋಟೆಯ ಮೇಲೆ ಕಲ್ಲುಗುಂಡು ಎಸೆಸಿದ. ಗೆದ್ದವನ ಕೋಟೆ ಪಾಳು, ಸೋತವರ ಕೋಟೆ ಗಟ್ಟಿ. ಎರಡನ್ನೂ ಅರ್ಧ ಗಂಟೆಯ ಅಂತರದಲ್ಲಿ ನೋಡಬಹುದು.

ಪ್ಫಾಲ್ಟ್ಸ್: ಬಂಡೆಯೇ ಕೋಟೆ

ಫ್ರಾನ್ಸಿನ ಗಡಿಗೆ ತಾಗಿದ ಪ್ಫಾಲ್ಟ್ಸ್ ಕಾಡು ನಡೆಯಲು ಇಷ್ಟಪಡುವವರ ಜಾಗ. ಇಲ್ಲಿನ ಕೆಂಪು ಮರಳುಗಲ್ಲಿನ ಬಂಡೆಗಳು ಕಾಡಿನಿಂದ ನೆಟ್ಟಗೆ ಮೇಲೇಳುತ್ತವೆ. ಮಧ್ಯಯುಗದವರು ಅವುಗಳ ಮೇಲೆ ಕಟ್ಟಿದರು ಎನ್ನುವುದಕ್ಕಿಂತ ಅವುಗಳೊಳಗೆ ಕೊರೆದರು ಎನ್ನುವುದೇ ಸರಿ. ಡಾನ್ ಊರಿನ ಬಳಿಯ ಆಲ್ಟ್‌ಡಾನ್, ಗ್ರಾಫೆನ್‌ಡಾನ್, ಟಾನ್‌ಶ್ಟೈನ್ ಎಂಬ ಮೂರು ಪಾಳುಕೋಟೆಗಳು ಒಂದೇ ಬಂಡೆಸಾಲಿನ ಮೇಲೆ ಒಂದಕ್ಕೊಂದು ಅಂಟಿಕೊಂಡಿವೆ. ಮೆಟ್ಟಿಲು, ಕೋಣೆ, ನೀರಿನ ತೊಟ್ಟಿ ಎಲ್ಲವೂ ಬಂಡೆಯಲ್ಲೇ ಕಡಿದವು. ಕೆಲವು ಮೆಟ್ಟಿಲುಗಳು ನಡುವೆ ಎಷ್ಟು ಸವೆದಿವೆಯೆಂದರೆ, ಮಳೆ ನಿಂತ ಮೇಲೆ ಪ್ರತಿ ಮೆಟ್ಟಿಲಿನಲ್ಲೂ ಬೊಗಸೆಯಷ್ಟು ನೀರು ನಿಂತಿರುತ್ತದೆ. ಹತ್ತುವವರು ಆ ಹಳ್ಳ ಬಿಟ್ಟು ಅಂಚಿನಲ್ಲಿ ಕಾಲಿಡುತ್ತಾರೆ, ಅಲ್ಲಿಯೂ ಈಗ ಸವೆತ ಶುರುವಾಗಿದೆ.

ಆನ್‌ವೈಲರ್ ಊರಿನ ಮೇಲಿನ ಟ್ರಿಫೆಲ್ಸ್ ಇದೇ ಪ್ರಾಂತ್ಯದ ಪ್ರಸಿದ್ಧ ಹೆಸರು. ಇಂಗ್ಲೆಂಡಿನ ದೊರೆ ರಿಚರ್ಡ್‌ನನ್ನು 1193ರಲ್ಲಿ ಸೆರೆಯಿಟ್ಟದ್ದು, ಚಕ್ರವರ್ತಿಯ ಕಿರೀಟ ಮತ್ತು ರಾಜಚಿಹ್ನೆಗಳನ್ನು ಕಾಪಾಡಿದ್ದು ಇಲ್ಲಿಯೇ. ಆದರೆ ಒಳಗಿನ ದೊಡ್ಡ ಸಭಾಂಗಣವನ್ನು ನೋಡಿ ಇದೇ 12ನೇ ಶತಮಾನ ಎಂದುಕೊಳ್ಳಬಾರದು. ಅದು 1938ರಿಂದ ನಾತ್ಸಿ ಆಡಳಿತದಲ್ಲಿ ಎದ್ದ ಕಟ್ಟಡ, ಹಿಂದೆ ಅಲ್ಲಿ ಹಾಗಿತ್ತೆಂಬುದಕ್ಕೆ ಆಧಾರವಿಲ್ಲ. ಅಲ್ಲಿ ಇಟ್ಟಿರುವ ಕಿರೀಟವೂ ನಕಲು, ಮೂಲ ವಿಯೆನ್ನಾದಲ್ಲಿದೆ. ಹಾಗೆಂದು ಬಿಡಬೇಕೆಂದು ನಾನು ಹೇಳುವುದಿಲ್ಲ. ಒಂದು ಆಡಳಿತ ತನಗೆ ಬೇಕಾದ ಇತಿಹಾಸವನ್ನು ಕಲ್ಲಿನಲ್ಲಿ ಹೇಗೆ ಕಟ್ಟಿಸಿಕೊಳ್ಳುತ್ತದೆಂದು ತೋರಿಸುವ ಕಟ್ಟಡ ಅಪರೂಪ. ಆದರೆ ಟ್ರಿಫೆಲ್ಸ್ ಮತ್ತು ಆಲ್ಟ್‌ಡಾನ್ ನಡುವೆ ಒಂದನ್ನೇ ಆರಿಸಬೇಕಾದರೆ ಆಲ್ಟ್‌ಡಾನ್‌ಗೆ ಹೋಗಬೇಕು.

ಊಟದ ವಿಷಯದಲ್ಲಿ ಪ್ಫಾಲ್ಟ್ಸ್ ಉಳಿದೆಲ್ಲ ಪ್ರದೇಶಗಳಿಗಿಂತ ವಾಸಿ. ಅಲ್ಲಿನ ನಡಿಗೆಯವರ ಸಂಘ ಕಾಡಿನೊಳಗೆ ನಡೆಸುವ ಗುಡಿಸಲುಗಳಲ್ಲಿ ಅಗ್ಗದ ಊಟ ಸಿಗುತ್ತದೆ. ಸಸ್ಯಾಹಾರಿಗಳು ವೈಸರ್ ಕೇಸ್ ಎಂದು ಕೇಳಿದರೆ ಗಟ್ಟಿ ಮೊಸರಿನಂಥ ಬಿಳಿ ಗಿಣ್ಣನ್ನು ಈರುಳ್ಳಿ, ಬ್ರೆಡ್ ಅಥವಾ ಆಲೂಗಡ್ಡೆಯೊಂದಿಗೆ ಕೊಡುತ್ತಾರೆ. ತೆಳು ರೊಟ್ಟಿಯಂಥ ಫ್ಲಾಮ್‌ಕೂಖೆನ್‌ನಲ್ಲಿ ಮಾತ್ರ ಸಾಮಾನ್ಯವಾಗಿ ಹಂದಿಮಾಂಸದ ಚೂರುಗಳಿರುತ್ತವೆ, ಕೇಳಿಯೇ ತರಿಸಬೇಕು.

ಶ್ವೇಬಿಷ್ ಆಲ್ಬ್: ಕಿಟ್ಟೆಲ್ ಊರಿನಿಂದ ಒಂದು ದಿನದ ದಾರಿ

ನಾನು ಹೆಚ್ಚು ಸಲ ಹೋಗಿರುವುದು, ಯಾರು ಕೇಳಿದರೂ ಮೊದಲು ಹೇಳುವುದು ಈ ಪ್ರದೇಶವನ್ನು. ಶ್ಟುಟ್‌ಗಾರ್ಟ್‌ನ ದಕ್ಷಿಣಕ್ಕಿರುವ ಈ ಸುಣ್ಣಕಲ್ಲಿನ ಬೆಟ್ಟಸಾಲಿನ ಅಂಚಿನುದ್ದಕ್ಕೂ ಕೋಟೆಗಳಿವೆ. ಅದರ ಬುಡದ ಟ್ಯೂಬಿಂಗೆನ್‌ನಲ್ಲಿ, 1894ರಲ್ಲಿ ಕನ್ನಡ ನಿಘಂಟನ್ನು ಮುಗಿಸಿಕೊಟ್ಟ ಫರ್ಡಿನಂಡ್ ಕಿಟ್ಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ತೀರಿಕೊಂಡರು. 1843ರಲ್ಲಿ ಮಂಗಳೂರು ಸಮಾಚಾರವನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಕೂಡ ಇದೇ ವ್ಯೂರ್ಟೆಂಬೆರ್ಗ್ ಸೀಮೆಯವರು, ಬ್ರಾಕೆನ್‌ಹೈಮ್‌ನಲ್ಲಿ ಹುಟ್ಟಿ ಎಸ್ಲಿಂಗೆನ್‌ನಲ್ಲಿ ತೀರಿಕೊಂಡವರು. ಕನ್ನಡಿಗರಿಗೆ ಜರ್ಮನಿಯಲ್ಲಿ ಒಂದು ನೆಲೆ ಆರಿಸಿಕೊಳ್ಳಬೇಕಾದರೆ ಟ್ಯೂಬಿಂಗೆನ್ ಆರಿಸಿಕೊಳ್ಳಲು ಇದೊಂದು ಭಾವುಕ ಕಾರಣ. ರೈಲುಗಳು ಮೂರು ದಿಕ್ಕಿಗೆ ಹೋಗುತ್ತವೆ ಎಂಬುದು ವ್ಯಾವಹಾರಿಕ ಕಾರಣ.

ಒಂದು ದಿಕ್ಕಿಗೆ ಹೆಖಿಂಗೆನ್ ಮತ್ತು ಹೋಹೆನ್‌ತ್ಸೊಲರ್ನ್. 855 ಮೀಟರ್ ಎತ್ತರದ ಒಂಟಿ ಬೆಟ್ಟದ ಮೇಲಿನ ಈ ಕೋಟೆ ಆ ಜಾಗದಲ್ಲಿ ಎದ್ದ ಮೂರನೆಯದು. ಪ್ರಷ್ಯದ ದೊರೆ ನಾಲ್ಕನೇ ಫ್ರೀಡ್ರಿಖ್ ವಿಲ್ಹೆಲ್ಮ್ ತನ್ನ ಮನೆತನದ ಮೂಲಸ್ಥಾನವೆಂದು 1850ರಲ್ಲಿ ಆರಂಭಿಸಿದ್ದು 1867ರಲ್ಲಿ ಮುಗಿಯಿತು. ಮುಂಜಾನೆಯ ಮಂಜಿನಲ್ಲಿ ಗೋಪುರಗಳಷ್ಟೇ ತೇಲುವಂತೆ ಕಾಣುವ ಚಿತ್ರವನ್ನು ನೋಡದವರಿಲ್ಲ. ಹತ್ತಿರದಿಂದ ಅದು ಸ್ವಲ್ಪ ಹೆಚ್ಚೇ ಅಚ್ಚುಕಟ್ಟು. ಇನ್ನೊಂದು ದಿಕ್ಕಿಗಿರುವ ಲಿಖ್ಟನ್‌ಶ್ಟೈನ್‌ನದೂ ಇದೇ ಕಥೆ. ಒಂದು ಕಾದಂಬರಿಯ ಜನಪ್ರಿಯತೆಯಿಂದಾಗಿ 1840ರಿಂದ 1842ರೊಳಗೆ ಬಂಡೆಯ ತುದಿಯಲ್ಲಿ ಕಟ್ಟಿದ ಪುಟ್ಟ ಕೋಟೆ ಅದು. ಮಕ್ಕಳಿಗೆ ಹೋಹೆನ್‌ತ್ಸೊಲರ್ನ್‌ಗಿಂತ ಇದು ಹೆಚ್ಚು ಹಿಡಿಸುತ್ತದೆ.

ಮೂರನೆಯ ದಿಕ್ಕು ನನ್ನ ಆಯ್ಕೆ. ಮೆಟ್ಸಿಂಗೆನ್‌ನಲ್ಲಿ ರೈಲು ಬದಲಿಸಿ ಬಾಡ್ ಉರಾಖ್‌ನ ಜಲಪಾತದ ನಿಲ್ದಾಣದಲ್ಲಿ ಇಳಿದು, ತೊರೆಯ ಬದಿಯ ಸಮತಟ್ಟು ದಾರಿಯಲ್ಲಿ 37 ಮೀಟರ್ ಎತ್ತರದಿಂದ ಬೀಳುವ ಜಲಪಾತದವರೆಗೆ ನಡೆದು, ಅಲ್ಲಿಂದ ಬೀಚ್ ಮರಗಳ ಕಾಡಿನಲ್ಲಿ ಹೋಹೆನ್‌ಉರಾಖ್ ಪಾಳುಕೋಟೆಗೆ ಹತ್ತಬೇಕು. ಟಿಕೆಟ್ ಇಲ್ಲ, ಅಂಗಡಿ ಇಲ್ಲ. ಕವಿ ನಿಕೋಡೆಮುಸ್ ಫ್ರಿಶ್ಲಿನ್‌ನನ್ನು ಅವನ ಹರಿತವಾದ ನಾಲಿಗೆಯ ಕಾರಣಕ್ಕೆ ಇಲ್ಲಿ ಸೆರೆಯಿಟ್ಟಿದ್ದರು. 1590ರ ನವೆಂಬರ್‌ನಲ್ಲಿ ಬಟ್ಟೆ ಹರಿದು ಹಗ್ಗ ಹೊಸೆದು ಇಳಿಯಲು ಹೋಗಿ ಬಂಡೆಯ ಮೇಲೆ ಬಿದ್ದು ಸತ್ತ. ಗೋಡೆಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಅವನು ಎಷ್ಟು ಹತಾಶನಾಗಿದ್ದಿರಬೇಕೆಂದು ತಿಳಿಯುತ್ತದೆ.

ಊರಿನಿಂದ ಅಪ್ಪ ಅಮ್ಮ ಬಂದಿದ್ದಾಗ ಅಕ್ಟೋಬರ್ ಕೊನೆಯಲ್ಲಿ ಅವರನ್ನು ಇಲ್ಲಿಗೆ ಕರೆದುಕೊಂಡು ಹೋದದ್ದು ನನ್ನ ತಪ್ಪು ಲೆಕ್ಕ. ಜಲಪಾತದವರೆಗೆ ಅಮ್ಮ ಸಲೀಸಾಗಿ ನಡೆದರು. ಮುಂದಿನ ಏರಿನಲ್ಲಿ ಒದ್ದೆ ಎಲೆಗಳ ಕೆಳಗೆ ಬೇರು ಯಾವುದು, ಕಲ್ಲು ಯಾವುದು ಎಂದು ತಿಳಿಯದೆ ಎರಡು ಸಲ ಜಾರಿದ ಮೇಲೆ, “ಕೋಟೆ ಎಲ್ಲೂ ಓಡಿಹೋಗಲ್ಲ, ನೀವು ನೋಡ್ಕೊಂಡು ಬನ್ನಿ” ಎಂದು ಒಂದು ಬೆಂಚಿನ ಮೇಲೆ ಕುಳಿತರು. ವಯಸ್ಸಾದವರಿದ್ದರೆ ಇಲ್ಲಿಗಿಂತ ಹೋಹೆನ್‌ನೊಯ್ಫೆನ್ ಒಳ್ಳೆಯದು. ಅದೂ ದೊಡ್ಡ ಪಾಳುಕೋಟೆಯೇ, ಪ್ರವೇಶವೂ ಉಚಿತ, ಆದರೆ ಮೇಲಿನ ಬಯಲಿನ ನಿಲುಗಡೆಯವರೆಗೆ ಕಾರು ಹೋಗುತ್ತದೆ, ಅಲ್ಲಿಂದ ಅಗಲವಾದ ರಸ್ತೆಯಿದೆ, ಒಳಗೆ ಹೋಟೆಲೂ ಇದೆ. ಎರಡನೇ ಮಹಾಯುದ್ಧದ ನಂತರ ಮೂರಾಗಿ ಹೋಳಾಗಿದ್ದ ನೈಋತ್ಯ ಜರ್ಮನಿಯನ್ನು ಒಂದು ರಾಜ್ಯ ಮಾಡುವ ಕುರಿತು ಅಲ್ಲಿನ ಸರ್ಕಾರಗಳ ಮುಖ್ಯಸ್ಥರು 1948ರ ಆಗಸ್ಟ್‌ನಲ್ಲಿ ಸೇರಿ ಮಾತಾಡಿದ್ದು ಈ ಕೋಟೆಯಲ್ಲಿ.

ನೊಯ್‌ಶ್ವಾನ್‌ಶ್ಟೈನ್‌ಗೆ ಹೋಗಲೇಬೇಕೆನ್ನುವವರಿಗೆ

ಬವೇರಿಯದ ಈ ಅರಮನೆಯನ್ನು ಬಿಡಿ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ, ಆದ್ದರಿಂದ ಹೇಳುವುದಿಲ್ಲ. ಎರಡನೇ ಲುಡ್ವಿಗ್ ದೊರೆ 1869ರಲ್ಲಿ ಅಡಿಗಲ್ಲು ಹಾಕಿಸಿದ್ದು. ಅದಕ್ಕೂ ಮೊದಲು ಆ ಬಂಡೆಯ ಮೇಲಿದ್ದ ಎರಡು ನಿಜವಾದ ಮಧ್ಯಯುಗದ ಪಾಳುಕೋಟೆಗಳನ್ನು ತೆಗೆಸಿಹಾಕಿದರು ಎಂಬುದು ಮಾತ್ರ ನೆನಪಿರಲಿ. 1886ರಲ್ಲಿ ದೊರೆ ಸತ್ತ ಕೆಲವೇ ವಾರಗಳಲ್ಲಿ ಟಿಕೆಟ್ ಮಾರಿ ಜನರನ್ನು ಒಳಗೆ ಬಿಡಲು ಶುರುಮಾಡಿದರು, ಇನ್ನೂ ನಿಲ್ಲಿಸಿಲ್ಲ. 2025ರಲ್ಲಿ ಇದೂ ಯುನೆಸ್ಕೋ ಪಟ್ಟಿಗೆ ಸೇರಿದೆ. ಒಳಗಿನ ಸುತ್ತು ಸುಮಾರು ಅರ್ಧ ಗಂಟೆಯದು, ಟಿಕೆಟ್ ಮೊದಲೇ ಕಾದಿರಿಸದಿದ್ದರೆ ಬೇಸಿಗೆಯಲ್ಲಿ ಸಿಗುವ ಭರವಸೆಯಿಲ್ಲ.

ಹೋದವರು ಅದೇ ದಿನ ಮಧ್ಯಾಹ್ನದ ಮೇಲೆ ಹತ್ತಿರದ ಐಸೆನ್‌ಬೆರ್ಗ್ ಹಳ್ಳಿಯ ಮೇಲಿನ ಜೋಡಿ ಪಾಳುಕೋಟೆಗಳಿಗೆ ಹೋಗಬೇಕು. ಐಸೆನ್‌ಬೆರ್ಗ್ ಮತ್ತು ಹೋಹೆನ್‌ಫ್ರೈಬೆರ್ಗ್ ಪಕ್ಕಪಕ್ಕದ ಎರಡು ದಿಬ್ಬಗಳ ಮೇಲಿವೆ. ಎರಡನೆಯದನ್ನು 1418ರಿಂದ ಕಟ್ಟಿದ್ದು, ಅಂದರೆ ಇಂಥ ಗುಡ್ಡದ ಕೋಟೆಗಳ ಕಾಲವೇ ಮುಗಿಯುತ್ತ ಬಂದಿದ್ದಾಗ. ಹಳೆಯ ಠೀವಿಯನ್ನು ಬಿಡಲೊಲ್ಲದ ಮನೆತನದ ಹಟ ಅದರ ಗೋಡೆಗಳಲ್ಲಿ ಕಾಣುತ್ತದೆ. 1646ರಲ್ಲಿ, ಮೂವತ್ತು ವರ್ಷಗಳ ಯುದ್ಧ ಮುಗಿಯಲು ಎರಡು ವರ್ಷವಿದ್ದಾಗ, ಶತ್ರುವಿನ ಕೈಗೆ ಸಿಗಬಾರದೆಂದು ತಮ್ಮವರೇ ಎರಡಕ್ಕೂ ಬೆಂಕಿಯಿಟ್ಟರು. ಶತ್ರು ಆ ಕಡೆ ಬರಲೇ ಇಲ್ಲ. ಹತ್ತಲು ಅರ್ಧ ಗಂಟೆ ಸಾಕು, ಟಿಕೆಟ್ ಇಲ್ಲ, ದಾರಿಯಲ್ಲಿ ಒಂದು ಹೋಟೆಲಿದೆ. ಬೆಳಿಗ್ಗೆ ಸಾವಿರಾರು ಜನರ ನಡುವೆ ಒರಗಿ ನಡೆದವರು ಸಂಜೆ ಇಲ್ಲಿ ಐದಾರು ಜನರನ್ನು ಕಂಡರೆ ಹೆಚ್ಚು.

ಹತ್ತಲಾಗದವರಿಗೆ

ಮಂಡಿನೋವಿರುವವರು, ತಳ್ಳುಗಾಡಿಯಲ್ಲಿ ಕೂಸನ್ನು ತಂದವರು ಕೋಟೆಯ ಹಟ ಬಿಟ್ಟು ಮಠವನ್ನೋ ಹಳೆಯ ಮನೆಗಳನ್ನೋ ನೋಡುವುದು ಲೇಸು. 1147ರಲ್ಲಿ ಆರಂಭವಾದ ಮೌಲ್‌ಬ್ರೊನ್ ಮಠ ಕಣಿವೆಯ ತಳದಲ್ಲಿದೆ, ಗಿರಣಿ, ಕಮ್ಮಾರಸಾಲೆ, ಕಣಜ ಸಮೇತ ಇಡೀ ಆವರಣ ಉಳಿದಿದೆ. 1993ರಿಂದ ಅದು ಯುನೆಸ್ಕೋ ಪಟ್ಟಿಯಲ್ಲಿದೆ. ಕಪ್ಪುಕಾಡಿನ ಗೂಟಾಖ್‌ನಲ್ಲಿರುವ ಬಯಲು ವಸ್ತುಸಂಗ್ರಹಾಲಯದಲ್ಲಿ 1612ರ ಫೋಗ್ಟ್ಸ್‌ಬೌರೆನ್‌ಹೋಫ್ ಎಂಬ ರೈತನ ಮನೆ ತನ್ನ ಮೂಲ ಜಾಗದಲ್ಲೇ ಇದೆ. ಉಳಿದ ಮನೆಗಳನ್ನು ಬೇರೆ ಊರುಗಳಿಂದ ಬಿಚ್ಚಿ ತಂದು ಜೋಡಿಸಿದ್ದಾರೆ. ದನ, ಹುಲ್ಲು, ಜನ ಎಲ್ಲ ಒಂದೇ ದೊಡ್ಡ ಮಾಡಿನ ಕೆಳಗಿದ್ದ ಆ ಮನೆಯ ಹೊಗೆಗಪ್ಪು ಅಡುಗೆಕೋಣೆಯನ್ನು ನೋಡಿದ ಮಲೆನಾಡಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. ಇವೆರಡರಲ್ಲಿ ಮಕ್ಕಳಿದ್ದರೆ ಗೂಟಾಖ್, ಇಲ್ಲದಿದ್ದರೆ ಮೌಲ್‌ಬ್ರೊನ್.

ಹೊರಡುವ ಮುನ್ನ

ಕೋಟೆಗಳಲ್ಲಿ ಹಲವು ಸೋಮವಾರ ಮುಚ್ಚಿರುತ್ತವೆ, ಹಳ್ಳಿಯ ಹೋಟೆಲುಗಳಿಗೂ ವಾರದಲ್ಲಿ ಒಂದೋ ಎರಡೋ ದಿನ ರಜೆ, ಭಾನುವಾರ ಅಂಗಡಿಗಳಿಲ್ಲ. ಒಂದು ಸಲ ಈ ಮೂರನ್ನೂ ಮರೆತು ಹೊರಟು, ಮುಚ್ಚಿದ ಬಾಗಿಲ ಮುಂದೆ ಚೀಲದಲ್ಲಿದ್ದ ಚಕ್ಕುಲಿಯಲ್ಲೇ ಮಧ್ಯಾಹ್ನದ ಊಟ ಮುಗಿಸಿದ್ದೇನೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬಹಳಷ್ಟು ಕಡೆ ಒಳಾಂಗಣ ತೆರೆದಿರುವುದಿಲ್ಲ. ಕೆಲವು ನೆಲಮಾಳಿಗೆಗಳನ್ನು ಬಾವಲಿಗಳ ಚಳಿನಿದ್ರೆಗಾಗಿ ಮುಚ್ಚುತ್ತಾರೆ. ಪ್ಫಾಲ್ಟ್ಸ್‌ನಲ್ಲಿ ಗಿಡುಗಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ಕೆಲವು ಬಂಡೆಗಳನ್ನು ಹತ್ತುವಂತಿಲ್ಲ. ಸಣ್ಣ ಪಾಳುಕೋಟೆಗಳ ಟಿಕೆಟ್ ಗೂಡಿನಲ್ಲಿ ಕಾರ್ಡ್ ನಡೆಯದಿರಬಹುದು, ಚಿಲ್ಲರೆ ಇಟ್ಟುಕೊಳ್ಳಬೇಕು.

ರೈಲಿನಲ್ಲಿ ಸುತ್ತುವವರಿಗೆ ದೇಶದ ಎಲ್ಲ ಸ್ಥಳೀಯ ರೈಲು ಬಸ್ಸುಗಳಿಗೂ ನಡೆಯುವ ಡೊಯ್ಚ್‌ಲಾಂಟ್ ಟಿಕೆಟ್ ಇದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾದದ್ದು 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ವೇಗದ ದೂರ ರೈಲುಗಳಲ್ಲಿ, ರೈನ್‌ನ ಪ್ರವಾಸಿ ಹಡಗುಗಳಲ್ಲಿ ಅದು ನಡೆಯುವುದಿಲ್ಲ. ಚಂದಾ ರೂಪದ್ದಾದ್ದರಿಂದ ಒಂದೇ ತಿಂಗಳಿಗೆ ಬೇಕಾದವರು ರದ್ದು ಮಾಡಲು ಕೊನೆಯ ದಿನ ಯಾವುದೆಂದು ಕೊಳ್ಳುವಾಗಲೇ ಬರೆದಿಟ್ಟುಕೊಳ್ಳಬೇಕು. ರೈನ್, ಮೋಜೆಲ್, ಬಾಡ್ ಉರಾಖ್‌ಗಳಿಗೆ ಈ ಟಿಕೆಟ್ ಸಾಕು. ಪ್ಫಾಲ್ಟ್ಸ್‌ನ ಒಳಭಾಗಕ್ಕೆ ಮತ್ತು ಐಸೆನ್‌ಬೆರ್ಗ್‌ಗೆ ಕಾರಿದ್ದರೆ ಅರ್ಧ ದಿನ ಉಳಿಯುತ್ತದೆ.

ದಿನಾಂಕ ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ ಸೆಪ್ಟೆಂಬರ್ ತಿಂಗಳ ಎರಡನೇ ಭಾನುವಾರವನ್ನು ಒಳಗೊಳ್ಳುವಂತೆ ಹೊಂದಿಸಿಕೊಳ್ಳಬೇಕು. 1993ರಿಂದ ದೇಶದಾದ್ಯಂತ ಅಂದು ಸ್ಮಾರಕಗಳ ತೆರೆದ ದಿನ ನಡೆಯುತ್ತದೆ. ವರ್ಷವಿಡೀ ಬೀಗ ಹಾಕಿರುವ ಗೋಪುರ, ಗಿರಣಿ, ಖಾಸಗಿ ಹಳೆಯ ಮನೆಗಳನ್ನು ಅಂದು ತೆರೆಯುತ್ತಾರೆ, ಹೆಚ್ಚಿನ ಕಡೆ ಹಣ ಕೇಳುವುದಿಲ್ಲ. ಆ ಕಟ್ಟಡವನ್ನು ದುರಸ್ತಿ ಮಾಡುತ್ತಿರುವ ಬಡಗಿಯೋ ಕಲ್ಲುಕುಟಿಗನೋ ಎಷ್ಟೋ ಕಡೆ ತಾನೇ ನಿಂತು ತೋರಿಸುತ್ತಾನೆ. ಇಕ್ಕುಳದ ಗುಳಿಯ ಬಗ್ಗೆ ಅವನನ್ನೇ ಕೇಳಬಹುದು.